ಇಂಪ್ಲಾಂಟ್ ನಂಬರು ರೋಗಿಯ ಕೈಗೆ ಸಿಗಲಿ

ಮಾನ್ಯರೇ,

ನಮ್ಮ ಅಕ್ಕನ ಬೀರುವಿನಲ್ಲಿ, ಸೀರೆಗಳ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರಲ್ಲಿ ಒಂದು ಉಕ್ಕಿನ ಪ್ಲೇಟಿನ ಎರಡು ತುಂಡು, ಏಳು ಸ್ಕ್ರೂ. ಸ್ಕೂಟರಿನಿಂದ ಬಿದ್ದು ತೊಡೆ ಮೂಳೆ ಮುರಿದಾಗ ಅಕ್ಕನಿಗೆ ಹಾಕಿದ್ದ ಪ್ಲೇಟ್ ಅದು. ಹೀಗೆ ದೇಹದೊಳಗೆ ಕೂರಿಸುವ ವಸ್ತುವಿಗೇ ಇಂಪ್ಲಾಂಟ್ ಅನ್ನುವುದು. ಹನ್ನೊಂದನೇ ತಿಂಗಳಲ್ಲಿ ಒಂದು ದಿನ ಒಲೆ ಮುಂದೆ ನಿಂತಿದ್ದಾಗ ಕಾಲೊಳಗೆ ಟಕ್ ಅಂದಿತಂತೆ. ಎಕ್ಸ್‌ರೇ ತೆಗೆಸಿದರೆ, ಸ್ಕ್ರೂ ಕೂರುವ ತೂತಿನ ಹತ್ತಿರವೇ ಪ್ಲೇಟ್ ಎರಡಾಗಿತ್ತು. ಬೇರೆ ಆಸ್ಪತ್ರೆಯಲ್ಲಿ ಮತ್ತೆ ಆಪರೇಷನ್ ಆಯಿತು. ಆರು ತಿಂಗಳು ಮಂಚ, ಆಮೇಲೆ ವಾಕರ್. ಇವತ್ತಿಗೂ ಅಕ್ಕ ನೆಲಕ್ಕೆ ಕೂತು ಊಟ ಮಾಡಲಾರಳು.

ಪ್ಲೇಟಿನಲ್ಲೇ ದೋಷವಿತ್ತು ಎಂದು ನಾನು ಹೇಳುತ್ತಿಲ್ಲ. ಮೂಳೆ ಸರಿಯಾಗಿ ಕೂಡದಿದ್ದರೆ ಒಳ್ಳೇ ಪ್ಲೇಟೂ ಭಾರ ತಾಳದೆ ಮುರಿಯುತ್ತದೆ ಎಂದು ಎರಡನೇ ಆಪರೇಷನ್ ಮಾಡಿದ ಡಾಕ್ಟರು ಬಿಡಿಸಿ ಹೇಳಿದರು. ಸರಿ, ಇಲ್ಲಿ ಆಗಿದ್ದು ಯಾವುದು ಅಂತ ತಿಳಿಯಬೇಕಲ್ವಾ? ಅದಕ್ಕೆ ಪ್ಲೇಟ್ ಯಾವ ಕಂಪನಿಯದು, ಯಾವ ಬ್ಯಾಚಿನದು ಎಂದು ಮೊದಲು ಗೊತ್ತಿರಬೇಕು. ಪ್ಲೇಟಿನ ಮೇಲೆ ಸಣ್ಣದಾಗಿ ನಂಬರು ಕೊರೆದಿದ್ದಾರೆ. ಆದರೆ ಅದು ಮುರಿದ ಜಾಗಕ್ಕೇ ಬಂದು ಅರ್ಧ ಅಳಿಸಿಹೋಗಿದೆ. ಮೊದಲ ಆಸ್ಪತ್ರೆಯ ಬಿಲ್ಲಿನಲ್ಲಿ ಇರುವುದು ಒಂದೇ ಸಾಲು: ‘ಇಂಪ್ಲಾಂಟ್ – 38,500’. ಕೇಸ್ ಶೀಟಿನ ನಕಲು ಕೇಳಿ ತಂದೆವು. ಇಂಪ್ಲಾಂಟಿನ ಕಂಪನಿ, ಬ್ಯಾಚ್ ನಂಬರು ಇರುವ ಸ್ಟಿಕ್ಕರ್ ಅಂಟಿಸಬೇಕಾದ ಜಾಗ ಖಾಲಿ. ಕೌಂಟರಿನಲ್ಲಿ ವಿಚಾರಿಸಿದರೆ ‘ಏಜೆನ್ಸಿಯವರು ತಂದುಕೊಟ್ಟಿದ್ದು’ ಅಂದರು. ಯಾವ ಏಜೆನ್ಸಿ ಎಂದರೆ ಉತ್ತರವಿಲ್ಲ. ಕಾಗದಪತ್ರ ನೋಡಿದ ವಕೀಲರು ಕೇಳಿದ್ದು ಇಷ್ಟೇ: ‘ನೋಟಿಸ್ ಯಾರಿಗೆ ಕಳಿಸೋಣಮ್ಮಾ?’

ಕಾನೂನು ಇಲ್ಲ ಎಂದಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ತಯಾರಿಕೆಯಲ್ಲಿ ದೋಷವಿರಲಿ, ವಿನ್ಯಾಸದಲ್ಲಿ ದೋಷವಿರಲಿ, ಸರಿಯಾದ ಎಚ್ಚರಿಕೆ ಕೊಡದೇ ಇರಲಿ, ಅದರಿಂದಾದ ಗಾಯಕ್ಕೆ ತಯಾರಕರು ಪರಿಹಾರ ಕೊಡಬೇಕು. ತಯಾರಕರು ಯಾರೆಂದೇ ತಿಳಿಯದಿದ್ದರೆ ಮಾರಿದವರನ್ನು ಕೇಳಬಹುದು. ವಸ್ತುವನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಗ್ರಾಹಕರ ಆಯೋಗಕ್ಕೆ ಇದೆ. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಸಾಮಾನ್ಯವಾಗಿ 2 ವರ್ಷದೊಳಗೆ ದೂರು ಕೊಡಬೇಕು. ಮಂಚದ ಮೇಲಿರುವವರಿಗೆ ಆ 2 ವರ್ಷ ಎಷ್ಟು ಬೇಗ ಕಳೆಯುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ದೂರು ಈಗ ಜಿಲ್ಲಾ ಆಯೋಗದ ಮುಂದಿದೆ. ಅದಕ್ಕೇ ಆಸ್ಪತ್ರೆಯ ಹೆಸರು ಬರೆದಿಲ್ಲ.

ನಂಬರು ಸಿಗದೆ, ಕಾಗದ ಸಿಗದೆ ಜನ ಏನಾಗುತ್ತಾರೆ ಎಂಬುದನ್ನು ನಮ್ಮ ದೇಶ ಒಮ್ಮೆ ದೊಡ್ಡದಾಗಿಯೇ ನೋಡಿದೆ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡಿಪ್ಯೂ ಕಂಪನಿ ‘ಎಎಸ್‌ಆರ್’ ಎಂಬ ಕೃತಕ ಸೊಂಟದ ಕೀಲನ್ನು ಮಾರುತ್ತಿತ್ತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. 2010ರ ಆಗಸ್ಟಿನಲ್ಲಿ ಕಂಪನಿಯೇ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಅಮೆರಿಕದಲ್ಲಿ 2013ರಲ್ಲೇ ಸುಮಾರು 8,000 ಮಂದಿಗಾಗಿ 250 ಕೋಟಿ ಡಾಲರಿನ ಒಪ್ಪಂದ ಆಯಿತು. ನಮ್ಮಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿದ್ದೇ 2017ರಲ್ಲಿ. ಇಲ್ಲಿ ಸುಮಾರು 4,700 ಆಪರೇಷನ್ ಆಗಿತ್ತು. ಸಮಿತಿ ಹುಡುಕಲು ಹೊರಟಾಗ 3,500ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂದೇ ಪತ್ತೆಯಿಲ್ಲ! ತಲಾ ಕನಿಷ್ಠ 20 ಲಕ್ಷ ಕೊಡಬೇಕೆಂದು ಆ ಸಮಿತಿ ಹೇಳಿತು. ಆಮೇಲೆ ಬಂದ ಇನ್ನೊಂದು ಸಮಿತಿ 30 ಲಕ್ಷದಿಂದ 1.23 ಕೋಟಿವರೆಗೆ ಲೆಕ್ಕ ಹಾಕಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಮರು ಆಪರೇಷನ್ ಆಗಿ, ದಾಖಲೆ ಪರಿಶೀಲನೆಯಲ್ಲಿ ಖಚಿತವಾಗಿದ್ದ 67 ಮಂದಿಗೆ ತಲಾ 25 ಲಕ್ಷ ಕೊಡುವುದಾಗಿ ಕಂಪನಿ 2019ರಲ್ಲಿ ಒಪ್ಪಿತು. 4,700 ಎಲ್ಲಿ, 67 ಎಲ್ಲಿ? ತಮ್ಮ ದೇಹದೊಳಗೆ ಇರುವುದು ಏನೆಂದು ಗೊತ್ತೇ ಇಲ್ಲದವರು ಪರಿಹಾರ ಕೇಳುವುದು ಹೇಗೆ?

ಇಂಪ್ಲಾಂಟಿನ ನಂಬರನ್ನು ರೋಗಿಯ ಕೈಗೆ ಕೊಡಲು ದೊಡ್ಡ ಖರ್ಚೇನೂ ಬೇಡ. 2017ರಲ್ಲಿ ಹೃದಯದ ಸ್ಟೆಂಟ್‌ಗೂ ಮಂಡಿ ಕೀಲಿಗೂ ಬೆಲೆ ಮಿತಿ ಹಾಕಿದಾಗ, ಬಿಲ್ಲಿನಲ್ಲಿ ಬ್ರ್ಯಾಂಡು, ತಯಾರಕರ ಹೆಸರು, ಬ್ಯಾಚ್ ನಂಬರನ್ನು ಬೇರೆಯಾಗಿ ನಮೂದಿಸಬೇಕೆಂದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಆಸ್ಪತ್ರೆಗಳಿಗೆ ಆದೇಶ ಮಾಡಿತ್ತು. ಮಂಡಿಗೆ ಆಗುವುದು ತೊಡೆಯ ಪ್ಲೇಟಿಗೆ ಯಾಕೆ ಆಗಬಾರದು? ರಾಡಿಗೆ, ಪೇಸ್‌ಮೇಕರಿಗೆ, ಕಣ್ಣಿನ ಲೆನ್ಸಿಗೆ ಯಾಕೆ ಆಗಬಾರದು? ಹೇಗೂ ಪ್ಯಾಕೆಟ್ಟಿನಲ್ಲಿ ಸ್ಟಿಕ್ಕರ್ ಬಂದಿರುತ್ತದೆ. ಅದರಲ್ಲಿ ಒಂದನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಲು ಎಷ್ಟು ಹೊತ್ತು ಬೇಕು?

ಇನ್ನೊಂದು ಮಾತು. ವೈದ್ಯರ ವೃತ್ತಿ ನಿಯಮದ ಪ್ರಕಾರ ರೋಗಿಯ ದಾಖಲೆಯನ್ನು 3 ವರ್ಷ ಇಟ್ಟರೆ ಸಾಕು. ಸೊಂಟದ ಕೀಲು ದೇಹದಲ್ಲಿ ಹದಿನೈದಿಪ್ಪತ್ತು ವರ್ಷ ಇರುತ್ತದೆ. ನಾಲ್ಕನೇ ವರ್ಷಕ್ಕೆ ತೊಂದರೆ ಕಾಣಿಸಿಕೊಂಡರೆ ಫೈಲೇ ಇಲ್ಲದಿರಬಹುದು. ಆದ್ದರಿಂದ ರಾಜ್ಯ ಆರೋಗ್ಯ ಇಲಾಖೆ ಎರಡು ಆದೇಶ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ದೇಹದೊಳಗೆ ಏನೇ ಹಾಕಿದರೂ ಅದರ ಸ್ಟಿಕ್ಕರ್ ರೋಗಿಯ ಕೈಗೆ ಬರಬೇಕು. ಆ ವಸ್ತು ದೇಹದಲ್ಲಿ ಇರುವಷ್ಟು ಕಾಲ ಫೈಲು ಆಸ್ಪತ್ರೆಯಲ್ಲಿ ಇರಬೇಕು. ಸರ್ಕಾರಿ ಆಸ್ಪತ್ರೆಗೂ ಇದು ಅನ್ವಯಿಸಲಿ.

ಆದೇಶ ಬರುವವರೆಗೆ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದರೆ, ಡಿಸ್ಚಾರ್ಜ್ ಆಗುವ ದಿನ ಬಿಲ್ ಕಟ್ಟುವ ಮೊದಲೇ ಸ್ಟಿಕ್ಕರ್ ಕೇಳಿ. ಫೋಟೋ ತೆಗೆದು ಮನೆಯ ಇಬ್ಬರು ಮೂವರ ಫೋನಿನಲ್ಲಿ ಇಟ್ಟುಕೊಳ್ಳಿ. ಇಂಪ್ಲಾಂಟನ್ನು ಹೊರಗೆ ತೆಗೆಯುವ ಪ್ರಸಂಗ ಬಂದರೆ, ಅದನ್ನು ನಮಗೇ ಕೊಡಿ ಎಂದು ಆಪರೇಷನ್‌ಗೆ ಮುಂಚೆಯೇ ಬರೆದುಕೊಡಿ. ನಮ್ಮ ಭಾವ ಆ ದಿನ ಥಿಯೇಟರ್ ಬಾಗಿಲಲ್ಲಿ ನಿಂತು ಕೇಳಿದ್ದರಿಂದಲೇ ಆ ಎರಡು ತುಂಡು ನಮ್ಮ ಹತ್ತಿರ ಉಳಿದಿವೆ.

– ಒಬ್ಬ ಓದುಗಿ, ಹಾಸನ