ಸಕ್ಕರೆ ಜೊತೆ ಮೂತ್ರವನ್ನೂ ಪರೀಕ್ಷಿಸಿ

ಮಾನ್ಯರೇ,

ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಆಗುವ ಹಾನಿಯನ್ನು ಬೇಗ ಪತ್ತೆ ಮಾಡುವ ವ್ಯವಸ್ಥೆ ಮಲೆನಾಡಿನ ಹಳ್ಳಿಗಳಿಗೂ ಬರಬೇಕು. ನನ್ನ ಅಣ್ಣ ಹತ್ತು ವರ್ಷ ಬೆರಳು ಚುಚ್ಚಿಸಿಕೊಂಡು ಸಕ್ಕರೆಯನ್ನಷ್ಟೇ ನೋಡಿಸುತ್ತಿದ್ದರು. ಮೂತ್ರ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಕಾಲು ಊದಿಕೊಂಡ ಮೇಲೆ ಕಿಡ್ನಿ ಸೋತಿರುವುದು ಗೊತ್ತಾಯಿತು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಜಡಿಮಳೆಯಲ್ಲೂ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಲೇಬೇಕು.

ಕಿಡ್ನಿ ನೋವು ಕೊಡದೆ ಸುಮ್ನೆ ಸವೆಯುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಜಾಸ್ತಿ ಎಂದು ಕಾಣುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿಯೇ ಹೋಗಿರಬಹುದು. ಸಾಮಾನ್ಯವಾಗಿ ಅದಕ್ಕೂ ಎಷ್ಟೋ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೊಟೀನ್ ಸೋರತೊಡಗುತ್ತದೆ. ಮೂತ್ರದಲ್ಲಿರುವ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿ, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಇದ್ದರೆ ತಡಮಾಡಬಾರದು. ಆಗ ಮಾತ್ರೆ, ಬಿಪಿ ಹತೋಟಿಯಿಂದ ಹಾನಿಯನ್ನು ನಿಧಾನಗೊಳಿಸಬಹುದು. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಅದು ಗೊತ್ತಾದಾಗಿನಿಂದಲೇ ವರ್ಷಕ್ಕೊಮ್ಮೆ ಈ ಮೂತ್ರ ಪರೀಕ್ಷೆ ಮಾಡಿಸಬೇಕು.

ಕೆಲವರಲ್ಲಿ ಆಲ್ಬುಮಿನ್ ಸೋರದೆಯೂ ಕಿಡ್ನಿ ಕೆಡುತ್ತದೆ. ಹಾಗಾಗಿ ಇನ್ನೂ ಬೇಗ ಸುಳಿವು ಕೊಡುವ ಪರೀಕ್ಷೆಗಳ ಸಂಶೋಧನೆ ನಡೆದಿದೆ. ಅವು ಬರುವ ತನಕ ಇರುವುದನ್ನಾದರೂ ಬಳಸಬೇಕು, ಅಲ್ವಾ?

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮಾತ್ರೆ ಪಡೆಯಲು ಬರುವ ಪ್ರತಿಯೊಬ್ಬರ ಮೂತ್ರದ ಮಾದರಿಯನ್ನೂ ವರ್ಷಕ್ಕೊಮ್ಮೆ ತೆಗೆದು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಕಳಿಸಲಿ. ವರದಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ತಲುಪಿಸಲಿ. ಒಂಟಿಮನೆಗಳೇ ಜಾಸ್ತಿ ಇರುವ ನಮ್ಮ ಕಡೆ ಅದೊಂದೇ ನೆಚ್ಚಬಹುದಾದ ದಾರಿ.

– ಓದುಗರೊಬ್ಬರು, ತೀರ್ಥಹಳ್ಳಿ