ಕರಡು ತಿದ್ದುವವರ ಯಾದಿಯನ್ನು ವಿಶ್ವವಿದ್ಯಾಲಯಗಳೇ ಪ್ರಕಟಿಸಲಿ

ಮಾನ್ಯ ಸಂಪಾದಕರೇ,

ಪಿಎಚ್.ಡಿ. ಪ್ರವೇಶದ ಗೊಂದಲ, ಮಾರ್ಗದರ್ಶಕರ ಕೊರತೆ, ತಡವಾಗುವ ಶಿಷ್ಯವೇತನ ಇವುಗಳ ಬಗ್ಗೆ ವಾಚಕರ ಪತ್ರಗಳು ಬರುತ್ತಲೇ ಇರುತ್ತವೆ. ಬರೆದು ಮುಗಿಸಿದ ಪ್ರಬಂಧದ ಭಾಷೆಯನ್ನು ಯಾರಿಂದ ತಿದ್ದಿಸಬೇಕು, ಅವರನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದ್ದು ಕಾಣೆ. ಕುಮಟಾ ಕಡೆಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡು ಸಂಶೋಧನೆ ಮಾಡುತ್ತಿರುವ ನಾನು ಈ ವಿಷಯದಲ್ಲಿ ಹಣವನ್ನೂ ನಿದ್ದೆಯನ್ನೂ ಕಳೆದುಕೊಂಡಿರುವುದರಿಂದ ಈ ಪತ್ರ.

ಸಂಶೋಧನೆಯ ಭಾಗವಾಗಿ ಬರೆದ ನನ್ನ ಲೇಖನದ ವಿಷಯ ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆಗಳ, ಬೇಸಾಯ. ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು; ಒಡ್ಡು ಒಡೆದರೆ ಭತ್ತವೂ ಇಲ್ಲ, ನೆಮ್ಮದಿಯೂ ಇಲ್ಲ. ಲೇಖನ ಇಂಗ್ಲಿಷಿನಲ್ಲಿರಬೇಕಾಗಿದ್ದುದರಿಂದ, ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಸಿಕ್ಕಿದ ನಂಬರಿಗೆ ಫೋನು ಮಾಡಿದೆ. ಅವರು ಪದಕ್ಕಿಷ್ಟು ಎಂದು ಲೆಕ್ಕ ಹಾಕಿ, ಪೂರ್ತಿ ಹಣವನ್ನು ಮುಂಗಡವಾಗಿ ಪಡೆದು, ನಾಲ್ಕೇ ದಿನದಲ್ಲಿ ಲೇಖನವನ್ನೂ ಅದರ ಜೊತೆಗೆ ಬಂಗಾರದ ಅಂಚಿನ ಪ್ರಮಾಣಪತ್ರವೊಂದನ್ನೂ ಕಳಿಸಿದರು. ಇನ್ನಷ್ಟು ಹಣ ಕೊಟ್ಟರೆ ಪ್ರಕಟಣೆಯೂ ಖಾತ್ರಿ ಎಂಬ ಸಾಲು ಕೊನೆಯಲ್ಲಿತ್ತು.

ಎಲ್ಲಿ ಏನು ತಿದ್ದಿದ್ದಾರೆಂಬ ಗುರುತು ಒಂದೂ ಇರಲಿಲ್ಲ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮೂರು ರಾತ್ರಿ ಸಾಲು ಸಾಲಾಗಿ ಓದಿದೆ. ‘ಗಜನಿ’ ಹನ್ನೊಂದು ಕಡೆ ‘ಘಜ್ನಿ’ ಆಗಿ, ಕುಮಟಾ ತಾಲ್ಲೂಕಿನ ಗದ್ದೆಗಳು ಅಫ್ಘಾನಿಸ್ತಾನಕ್ಕೆ ಹೋಗಿದ್ದವು. ‘ಹೈ ಟೈಡ್’ ಎಂದಿದ್ದದ್ದು ‘ಟಾಲ್ ಟೈಡ್’ ಆಗಿತ್ತು. ಇದನ್ನು ಮನುಷ್ಯರು ಓದಿಯೇ ಇಲ್ಲ, ಪರ್ಯಾಯಪದ ತುರುಕುವ ತಂತ್ರಾಂಶವೊಂದರೊಳಗೆ ಹಾಕಿ ತೆಗೆದಿದ್ದಾರೆ ಎಂಬುದು ಆಗ ತಿಳಿಯಿತು. ಇದು ನನ್ನೊಬ್ಬಳ ಪಾಡಲ್ಲ: ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿತ ಲೇಖನಗಳಲ್ಲೇ ಇಂಥವನ್ನು ಹುಡುಕಿ ತೋರಿಸಿದ್ದರು, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬುದು ಅಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತು. ಇವಕ್ಕೆಲ್ಲ ನಕ್ಕು ಸುಮ್ಮನಾಗಬಹುದು. ಆದರೆ ‘ಇಳುವರಿ ತಗ್ಗಿರಬಹುದೆಂದು ಕೆಲವು ರೈತರು ಹೇಳುತ್ತಾರೆ’ ಎಂಬ ಅರ್ಥದಲ್ಲಿ ನಾನು ಎಚ್ಚರದಿಂದ ಬರೆದ ವಾಕ್ಯ ‘ಇಳುವರಿ ತೀವ್ರವಾಗಿ ಕುಸಿದಿದೆ’ ಎಂದಾಗಿದ್ದಕ್ಕೆ ನಗಲಾಗಲಿಲ್ಲ. ಅಷ್ಟು ದೊಡ್ಡ ಮಾತಿಗೆ ನನ್ನ ಕೋಷ್ಟಕಗಳಲ್ಲಿ ಆಧಾರವಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಕೊಡಬೇಕಾದವಳು ನಾನು, ಆ ನಂಬರಿನವರಲ್ಲ.

ದಂಡನೆಯೂ ಹಾಗೆಯೇ ಇದೆ. ಕೃತಿಚೌರ್ಯ ತಡೆಯುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಂತೆ ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಸಾಮ್ಯಕ್ಕೆ ಶಿಕ್ಷೆಯಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ರದ್ದಾಗುವುದು ವಿದ್ಯಾರ್ಥಿಯ ನೋಂದಣಿ. ತಿದ್ದಲು ತೆಗೆದುಕೊಂಡವರು ನಮ್ಮ ಕರಡನ್ನು ಸಾಮ್ಯ ತಪಾಸಣೆಯ ತಂತ್ರಾಂಶದ ಭಂಡಾರದಲ್ಲಿ ಉಳಿಯುವಂತೆ ಹಾಕಿಬಿಟ್ಟರೆ, ಮುಂದೆ ವಿಶ್ವವಿದ್ಯಾಲಯದಲ್ಲಿ ತಪಾಸಣೆಯಾದಾಗ ನಮ್ಮ ಬರವಣಿಗೆ ನಮ್ಮದೇ ನಕಲೆಂದು ತೋರುವ ಅಪಾಯವೂ ಇದೆ.

ಕೊನೆಗೆ ಲೇಖನವನ್ನು ತಿದ್ದಿದವರು ನಮ್ಮೂರಿನ ಸಮೀಪದ ನಿವೃತ್ತ ಇಂಗ್ಲಿಷ್ ಮಾಸ್ತರರು. ಮೊದಲು ಎರಡು ಪುಟ ಮಾತ್ರ ಕೊಡು, ನನ್ನ ಕೆಲಸ ನಿನಗೆ ಒಗ್ಗುತ್ತದೋ ನೋಡು ಎಂದರು. ದಿನಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಓದುವುದಿಲ್ಲ, ಓದಿದರೆ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ ಎಂದೂ ಹೇಳಿದರು. ಮರಳಿ ಬಂದ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನ ತಿದ್ದುಪಡಿಗಳಿಗಿಂತ ಪ್ರಶ್ನೆಗಳೇ ಹೆಚ್ಚಿದ್ದವು. ‘ತಂಗೀ, ಮೂರನೇ ಪುಟದಲ್ಲಿ 64 ಕುಟುಂಬ ಅಂದಿದ್ದೆ, ಕೋಷ್ಟಕದಲ್ಲಿ ಕೂಡಿದರೆ 61 ಆಗ್ತದೆ, ಯಾವುದು ಸರಿ?’ ಎಂದು ಕೇಳಿದಾಗ ನಾನು ಕ್ಷೇತ್ರಕಾರ್ಯದ ಪುಸ್ತಕವನ್ನು ಮತ್ತೆ ಬಿಚ್ಚಬೇಕಾಯಿತು. ಮೂರು ಕುಟುಂಬಗಳನ್ನು ಕೋಷ್ಟಕಕ್ಕೆ ಸೇರಿಸಲು ಮರೆತಿದ್ದೆ. ಆ ತಪ್ಪನ್ನು ಅವರು ತಾವೇ ತಿದ್ದಲಿಲ್ಲ, ನನ್ನಿಂದಲೇ ತಿದ್ದಿಸಿದರು. ಪ್ರೂಫ್ ನೋಡುವವರನ್ನು ನಂಬಬಹುದೇ ಎಂಬುದಕ್ಕೆ ನನಗೆ ಕಂಡ ಒರೆಗಲ್ಲು ಇದೊಂದೇ: ಅವರು ನಮ್ಮನ್ನು ಪ್ರಶ್ನೆ ಕೇಳುತ್ತಾರೆಯೇ? ಏನನ್ನೂ ಕೇಳದೆ ನುಣ್ಣಗೆ ಮಾಡಿ ಕೊಟ್ಟರೆ, ಒಂದೋ ಅವರು ಓದಿಲ್ಲ, ಇಲ್ಲವೇ ನಮ್ಮ ಬದಲಿಗೆ ತಾವೇ ಬರೆದಿದ್ದಾರೆ.

ಕನ್ನಡದಲ್ಲಿ ಪ್ರಬಂಧ ಬರೆಯುವ ಗೆಳತಿಯರ ಕಷ್ಟ ಬೇರೆ ತರಹದ್ದು. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾದದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಅದನ್ನು ಹಿಡಿಯಲು ಕನ್ನಡ ಬಲ್ಲ ಕಣ್ಣೇ ಬೇಕು, ಡಿಟಿಪಿ ಅಂಗಡಿಯ ಅವಸರದಲ್ಲಿ ಅದು ಆಗುವ ಕೆಲಸವಲ್ಲ.

ಮೋಸಕ್ಕೆ ದಾರಿಯಾಗಿರುವುದು ಗುಟ್ಟು ಎಂದು ನನ್ನ ಅಭಿಪ್ರಾಯ. ಭಾಷೆಯನ್ನು ಬೇರೆಯವರಿಂದ ತಿದ್ದಿಸಿದೆ ಎಂದರೆ ಪ್ರಬಂಧವನ್ನೇ ಬರೆಸಿಕೊಂಡೆ ಎಂದು ತಿಳಿದಾರೆಂಬ ಅಂಜಿಕೆ ನಮಗೆ. ಕೃತಜ್ಞತೆಯ ಪುಟದಲ್ಲಿ ಮನೆಯವರ ಹೆಸರಿರುತ್ತದೆ, ಬೆರಳಚ್ಚು ಮಾಡಿದವರ, ಬೈಂಡಿಂಗ್ ಮಾಡಿದವರ ಹೆಸರೂ ಇರುತ್ತದೆ. ಭಾಷೆ ತಿದ್ದಿದವರ ಹೆಸರು ಕಾಣುವುದು ಅಪರೂಪ. ಕದ್ದು ಮಾಡಿಸುವ ಕೆಲಸಕ್ಕೆ ರಸೀದಿ ಕೇಳಲು ಬರುವುದಿಲ್ಲ, ಕೆಟ್ಟರೆ ದೂರು ಕೊಡಲೂ ಬರುವುದಿಲ್ಲ.

ಆದ್ದರಿಂದ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಸೇರಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, ಶಿರಸಿಯ ಅರಣ್ಯ ಮಹಾವಿದ್ಯಾಲಯವನ್ನು ನಡೆಸುವ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕರಡು ತಿದ್ದಬಲ್ಲ ನಿವೃತ್ತ ಅಧ್ಯಾಪಕರನ್ನೂ ಅನುಭವಿ ಪ್ರೂಫ್ ರೀಡರುಗಳನ್ನೂ ಮಾದರಿ ಪುಟಗಳಿಂದ ಪರೀಕ್ಷಿಸಿ, ಪುಟಕ್ಕೆ ಇಂತಿಷ್ಟು ಎಂಬ ದರದೊಂದಿಗೆ ಅವರ ಯಾದಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಕಾಗುಣಿತ, ವ್ಯಾಕರಣ, ವಾಕ್ಯದ ಸ್ಪಷ್ಟತೆ, ಉಲ್ಲೇಖಗಳ ಕ್ರಮ ಇವಿಷ್ಟನ್ನು ತಿದ್ದಬಹುದು, ವಾದವನ್ನೂ ಅಂಕಿಅಂಶವನ್ನೂ ಮುಟ್ಟುವಂತಿಲ್ಲ, ಪ್ರತಿ ತಿದ್ದುಪಡಿಯ ಗುರುತು ಉಳಿಯಬೇಕು, ತಿದ್ದಿದವರ ಹೆಸರು ಪ್ರಬಂಧದಲ್ಲಿ ಇರಬೇಕು ಎಂದು ಬರಹದಲ್ಲೇ ಹೇಳಿಬಿಟ್ಟರೆ ಎರಡೂ ಕಡೆಯವರಿಗೆ ಅಂಜಿಕೆಯಿಲ್ಲ. ಕಾರವಾರದ ಕೋಡಿಬಾಗದ ಸ್ನಾತಕೋತ್ತರ ಕೇಂದ್ರದಲ್ಲಿ ಆ ಯಾದಿಯ ಒಂದು ಪ್ರತಿಯನ್ನು ತೂಗುಹಾಕಿದರೂ ಕರಾವಳಿಯ ನಮಗೆ ಸಾಕು. ಸದ್ಯಕ್ಕೆ ನಾನು ವಿಳಾಸ ಹೇಳಿ ಕಳಿಸಿದ ಮೂವರ ಪ್ರಬಂಧಗಳು ಮಾಸ್ತರರ ಮೇಜಿನ ಮೇಲಿವೆ, ಮತ್ತು ಅವರು ಓದುವುದು ದಿನಕ್ಕೆ ಹತ್ತೇ ಪುಟ.

ಇತಿ,
ಅತಿಥಿ ಉಪನ್ಯಾಸಕಿ, ಕುಮಟಾ