ಬಣ್ಣಗಾರರ ಸಂಘಕ್ಕೆ ಇಡುಗಂಟು

ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಟರ್ಕಿಯ ಪಾಮುಕ್ಕಲೆ ಬಗ್ಗೆ ಬಂದ ಪ್ರವಾಸ ಬರಹ ಓದಿದೆ. ಬಿಸಿನೀರಿನ ಬುಗ್ಗೆ, ಹತ್ತಿಯಷ್ಟು ಬೆಳ್ಳಗಿನ ಸುಣ್ಣದ ಮೆಟ್ಟಿಲು, ಎಲ್ಲ ಸೊಗಸಾಗಿ ಬಂದಿದೆ. ಆದರೆ ಅದರ ಮೇಲ್ಗಡೆಯೇ ಇರುವ ಹಿಯೆರಾಪೊಲಿಸ್ ಎಂಬ ಹಳೇ ಊರಿನ ಸಮಾಧಿಗಳಿಗೆ ಸಿಕ್ಕಿದ್ದು ಒಂದೇ ಸಾಲು. ಪ್ರಾಚೀನ ಗ್ರೀಕರಿಗೂ ಕಾರ್ಮಿಕ ಸಂಘಗಳಿದ್ದವು ಅಂತ ಅಲ್ಲಿನ ಶಾಸನಗಳು ಹೇಳುತ್ತವಂತೆ.

ಸಂಘ ಇದ್ದದ್ದು ನಿಜ. ಆದರೆ ಕಾರ್ಮಿಕ ಸಂಘ ಅಂದ ಕೂಡಲೇ ನಮಗೆ ನೆನಪಾಗುವುದು ಬಾವುಟ, ಕೂಲಿ ಜಗಳ, ಮುಷ್ಕರ. ಆ ಸಮಾಧಿಗಳ ಮೇಲಿರುವುದು ಬೇರೆಯೇ ಲೆಕ್ಕ.

ಪುಬ್ಲಿಯುಸ್ ಐಲಿಯುಸ್ ಗ್ಲೈಕೋನ್ ಎಂಬಾತನ ಕಲ್ಲಿನ ಶವಪೆಟ್ಟಿಗೆಯನ್ನೇ ನೋಡಿ. ಕ್ರಿ.ಶ. 200ರ ಆಸುಪಾಸಿನದು. ತನಗೆ, ಹೆಂಡತಿ ಔರೆಲಿಯಾ ಆಮಿಯಾಗೆ, ಮಕ್ಕಳಿಗೆ ಅಂತ ಮಾಡಿಸಿದ್ದು. ಬೇರೆ ಯಾರನ್ನೂ ಅಲ್ಲಿ ಹೂಳುವಂತಿಲ್ಲ. ಆಮೇಲೆ ದುಡ್ಡಿನ ಮಾತು ಬರುತ್ತದೆ. ನೇರಳೆ ಬಣ್ಣ ಹಾಕುವವರ ಸಂಘಕ್ಕೆ 200 ದಿನಾರಿ (ರೋಮನ್ನರ ನಾಣ್ಯ) ಇಡುಗಂಟು, ಜಮಖಾನೆ ನೇಯುವವರ ಸಂಘಕ್ಕೆ 150. ಸಮಾಧಿಗೆ ಮಾಲೆ ಹಾಕುವುದಕ್ಕೆ ಅಂತ ಈ ಹಣ. ಬಡ್ಡಿಯನ್ನು ಸದಸ್ಯರಿಗೆ ಹಂಚಬೇಕು. ಬಣ್ಣಗಾರರು ಹಂಚಬೇಕಾದದ್ದು ಯೆಹೂದಿಗಳ ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ. ನೇಕಾರರು ಅರ್ಧ ಬಡ್ಡಿಯನ್ನು ರೋಮನ್ನರ ಕಲೆಂಡ್ಸ್ ಹಬ್ಬಕ್ಕೆ, ಇನ್ನರ್ಧವನ್ನು ಯೆಹೂದಿಗಳದೇ ಇನ್ನೊಂದು ಹಬ್ಬವಾದ ಪೆಂಟೆಕೋಸ್ಟಿಗೆ ಹಂಚಬೇಕು. ಈ ಗ್ಲೈಕೋನ್ ಯೆಹೂದಿಯೋ ಅಲ್ಲವೋ ಅಂತ ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಬೇರೆ ವಿಷಯದಲ್ಲಿ. ಮಕ್ಕಳಿದ್ದೂ ಈ ಮನುಷ್ಯ ಮಾಲೆಯ ಹೊಣೆಯನ್ನು ಸಂಘಗಳಿಗೆ ಕೊಟ್ಟನಲ್ಲ! ಮಕ್ಕಳ ಕಾಲ ಮುಗಿದರೂ ಸಂಘ ಇರುತ್ತದೆ ಅನ್ನುವ ನಂಬಿಕೆ ಇದ್ದಿರಬೇಕು, ಅಲ್ವಾ?

ಎಲ್ಲರಿಗೂ ಅಷ್ಟು ನಂಬಿಕೆ ಇರಲಿಲ್ಲ ಅನ್ನಿ. ಅದೇ ಊರಿನ ಇನ್ನೊಬ್ಬ ಅದೇ ಬಣ್ಣಗಾರರಿಗೆ 3000 ದಿನಾರಿ ಬಿಟ್ಟು, ಜೊತೆಗೊಂದು ಷರತ್ತನ್ನೂ ಕೆತ್ತಿಸಿದ. ವಾಡಿಕೆಯ ದಿನ ತನ್ನ ಸಮಾಧಿಯ ಕೆಲಸ ಮರೆತರೆ ಹಣ ದನಕುರಿ ವ್ಯಾಪಾರದವರ ಪಾಲು. ಕಾವಲಿಗೆ ಎದುರು ಮನೆಯವರನ್ನೇ ಕೂರಿಸಿದ ಹಾಗಾಯಿತು.

ನಿಮ್ಮ ಲೇಖಕರು ಮೆಚ್ಚಿದ ಆ ನೀರಿಗೂ ಈ ಬಣ್ಣಗಾರರಿಗೂ ನಂಟಿದೆ. ಅಲ್ಲಿನ ನೀರು ಉಣ್ಣೆಗೆ ಬಣ್ಣ ಹಿಡಿಸುವುದಕ್ಕೆ ಹೇಳಿಮಾಡಿಸಿದಂತಿದೆ, ಬೇರಿನ ಬಣ್ಣವೇ ಕಡಲ ಚಿಪ್ಪಿನ ದುಬಾರಿ ನೇರಳೆಗೆ ಸರಿಸಾಟಿಯಾಗುತ್ತದೆ ಅಂತ ಆ ಕಾಲದ ಭೂಗೋಳಕಾರ ಸ್ಟ್ರಾಬೋ ಬರೆದಿಟ್ಟಿದ್ದಾನೆ. ಸುಣ್ಣದ ಮೆಟ್ಟಿಲು ಕಟ್ಟಿದ ನೀರೇ ಆ ಊರಿನ ಸಂತೆಯನ್ನೂ ಬೆಳೆಸಿತು.

ಸಂಘವೇ ಮುಂದೆ ನಿಂತು ಕಲ್ಲು ಹಾಕಿಸಿದ್ದೂ ಉಂಟು. ಗ್ರೀಸಿನ ಥೆಸಲೊನಿಕೆಯಲ್ಲಿ 'ಹದಿನೆಂಟನೆಯ' ಬೀದಿಯ ನೇರಳೆ ಬಣ್ಣಗಾರರು ಮೆನಿಪ್ಪೋಸ್ ಎಂಬಾತನ ನೆನಪಿಗೆ ಒಂದು ಕಲ್ಲು ನಿಲ್ಲಿಸಿದರು. ಅವನು ಸಮುದ್ರದಾಚೆಯ ಥಿಯಾಟೈರಾ ಊರಿನವನು. ಪರಊರಿನಲ್ಲಿ ಸತ್ತವನಿಗೆ ಬೀದಿಯ ಕಸುಬುದಾರರೇ ಬಂಧುಗಳಾದರು.

ಇನ್ನೊಂದು ತಿದ್ದುಪಡಿ. ಇವೆಲ್ಲ ರೋಮನ್ ಆಳ್ವಿಕೆಯ ಕಾಲದವು, ಬರೆದ ಭಾಷೆ ಮಾತ್ರ ಗ್ರೀಕ್. ಇದನ್ನೇ ಹಿಡಿದು ಸುಮ್ನೆ 'ಪ್ರಾಚೀನ ಗ್ರೀಕರು' ಅಂದರೆ ಓದುಗರು ಸಾಕ್ರೆಟೀಸನ ಅಥೆನ್ಸಿಗೆ ಹೋಗಿಬಿಡುತ್ತಾರೆ. ಅದು ಇನ್ನೂ ಆರುನೂರು ವರ್ಷ ಹಿಂದಿನ ಮಾತು. ಅಲ್ಲೂ ಸಮಾಧಿಯ ಮೇಲೆ ಕಸುಬು ಬರೆಸಿದವರಿದ್ದಾರೆ. ಕ್ರಿ.ಪೂ. 5ನೇ ಶತಮಾನದ ಮಾನ್ನೆಸ್ ಒಬ್ಬ ಸೌದೆ ಕಡಿಯುವವನು, ಹಿಯೆರಾಪೊಲಿಸ್ ಇರುವ ಫ್ರಿಜಿಯಾ ಕಡೆಯಿಂದಲೇ ಬಂದವನು. ಜ್ಯೂಸ್ ದೇವರಾಣೆ, ನನಗಿಂತ ಒಳ್ಳೆ ಸೌದೆ ಕಡಿಯುವವನನ್ನು ನಾನು ಕಂಡಿಲ್ಲ ಅಂತ ಅವನ ಕಲ್ಲು ಹೇಳುತ್ತದೆ. ಯುದ್ಧದಲ್ಲಿ ಸತ್ತನಂತೆ. ಸಂಘದ ಸುದ್ದಿಯೇ ಇಲ್ಲ.

ಮುಂದಿನ ಸಲ ಯಾರಾದರೂ ಅಲ್ಲಿಗೆ ಹೋದರೆ ಗ್ಲೈಕೋನನ ಕಲ್ಲಿನ ಫೋಟೊ ತರಲು ಹೇಳಿ. ಮೆಟ್ಟಿಲಿನ ಫೋಟೊ ಐದು ಹಾಕಿದ್ದೀರಿ.

ಇತಿ,
ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು, ಹಾಸನ